ಸದರಿ ನೀರು

ಕನ್ನಿಂಗ್‌ಹ್ಯಾಮ್ ರಸ್ತೆ, ನಾಲ್ಕನೇ ಮಹಡಿ.
ನಾನು ವಕೀಲಳಲ್ಲ, ಚಿತ್ರ ಬರೆಯುವವಳು.
ಕಂಡುಹಿಡಿದವರ ತಲೆಯೊಳಗಿನದನ್ನು
ಕಪ್ಪು ಗೆರೆಯಲ್ಲಿ, ಬಣ್ಣವಿಲ್ಲದೆ, ನೆರಳಿಲ್ಲದೆ
ಹಾಳೆಗಿಳಿಸುವುದು ಕೆಲಸ.
ಸ್ಕ್ರೂವಿಗೆ ನೂರೆರಡು, ಸ್ಪ್ರಿಂಗಿಗೆ ನೂರನಾಲ್ಕು,
ಯಾವಾಗಲೂ ಸಮಸಂಖ್ಯೆ.
ಬೆಸವನ್ನು ಬಿಟ್ಟಿಡುತ್ತೇವೆ,
ಮರೆತದ್ದೇನಾದರೂ ಆಮೇಲೆ ನೆನಪಾದರೆ
ಅದಕ್ಕೂ ಕೂರಲೊಂದು ಜಾಗ ಬೇಕಲ್ಲ.

ಮಾರ್ಚ್ ಬಂದರೆ ಬೇರೆ ಚಿತ್ರ.
"ಭಾನುಮತಿ, ಕಂಬಗಳನ್ನೊಂದಿಷ್ಟು ಎಬ್ಬಿಸಿಬಿಡಿ."
ವರ್ಷವರ್ಷದ ಅರ್ಜಿಗಳ ಕಂಬ:
ಹೋದ ವರ್ಷದ್ದು ಮೊಣಕಾಲಿಗೆ, ಈ ವರ್ಷದ್ದು ಸೊಂಟಕ್ಕೆ,
ಮುಂದಿನದು ಚುಕ್ಕಿಗೆರೆಯಲ್ಲಿ, ಸೂರು ಮುಟ್ಟುವ ಹಾಗೆ.
ಫೋನಿನವರದು ಇಷ್ಟು, ಔಷಧಿಯವರದು ಇಷ್ಟು,
ಬ್ಯಾಟರಿಯವರದು ಈಚೆಗೆ ಹಾಗಲಬಳ್ಳಿಯಂತೆ ಹಬ್ಬಿದೆ.
ಹಲಸೂರು ಕೆರೆ ಕಡೆಯ ಫರ್ಮು ಮೊದಲನೇದಂತೆ,
ನಾವು ಮೂರನೇದಂತೆ,
ಲ್ಯಾವೆಲ್ಲೆ ರಸ್ತೆಯವರು ನಮ್ಮ ಹುಡುಗರಿಬ್ಬರನ್ನು
ಸಂಬಳ ಏರಿಸಿ ಕರೆದೊಯ್ದು ಎರಡಕ್ಕೆ ಹತ್ತಿದರಂತೆ.
ಈ ಅಂತೆಗಳಿಗೆಲ್ಲ ಹೊಳೆಯುವ ಕಾಗದ.

ಮುನಿಆಂಜಿನಪ್ಪ ಬಂದದ್ದು ಅಂಥದೊಂದು ಮಾರ್ಚಿನಲ್ಲಿ,
ಪೀಣ್ಯದ ಲೇತಿನ ಎಣ್ಣೆ ಉಗುರಲ್ಲಿ ಹಾಗೇ ಇತ್ತು.
ರಾಗಿಹಿಟ್ಟಿನ ಚೀಲದಿಂದ ಹಿತ್ತಾಳೆಯದೇನೋ ತೆಗೆದು
ಗಾಜಿನ ಮೇಜಿನ ಮೇಲಿಟ್ಟ. ಟಣ್ ಅಂತು.
"ಟ್ಯಾಂಕರ್‌ನೋನು ಪೈಪು ಹಾಕ್ತಾನಲ್ಲಮ್ಮ,
ಅರ್ಧ ನೀರು, ಅರ್ಧ ಗಾಳಿ.
ಮೀಟರು ಗಾಳಿಗೂ ತಿರುಗುತ್ತೆ, ದುಡ್ಡು ಗಾಳಿಗೂ ಕೊಡಬೇಕು.
ಇದು ತಿರುಗಲ್ಲ, ನೋಡಿ."
ಊದಿದ. ಕೆನ್ನೆ ಉಬ್ಬಿತು, ಕಿವಿ ಕೆಂಪಾಯಿತು,
ಚಕ್ರ ಕದಲಲಿಲ್ಲ.
ನನ್ನ ಬಾಟಲಿ ಎತ್ತಿ ಹೊಯ್ದ. ಗಿರ್ರನೆ ತಿರುಗಿತು.
ಕಾರ್ಪೆಟ್ಟು ಒದ್ದೆ.

ವಕೀಲರು ಇಂಗ್ಲಿಷಿನಲ್ಲಿ ಹೆಣೆದ ಕರಡನ್ನು
ಅವನಿಗಾಗಿ ಕನ್ನಡಕ್ಕೆ ತಂದವಳು ನಾನೇ,
ತಾಲೂಕು ಕಚೇರಿಯಲ್ಲಿದ್ದ ಅಪ್ಪನ ಭಾಷೆಯಲ್ಲಿ:
ಸದರಿ ಕೊಳವೆಯ ಒಳಮೈಗೆ ಹೊಂದಿಕೊಂಡ
ಸದರಿ ರೆಕ್ಕೆಯು, ಸದರಿ ದ್ರವದ ತೂಕಕ್ಕೆ ಮಾತ್ರ
ಸದರಿ ಬೀಗದಿಂದ ಬಿಡುಗಡೆ ಹೊಂದತಕ್ಕದ್ದಾಗಿ...
ಸಂಕಲ್ಪ ಕೇಳುವವನಂತೆ ಕೈಕಟ್ಟಿ ನಿಂತಿದ್ದ.
"ನೀರು ಅನ್ನೋದೇ ಇಲ್ವಲ್ಲಮ್ಮ ಇದರಲ್ಲಿ?"
ನೀರು ಎಂದರೆ ನೀರಿಗಷ್ಟೇ ಬೇಲಿ,
ದ್ರವ ಎಂದರೆ ಹಾಲು, ಎಣ್ಣೆ, ಡೀಸೆಲ್ಲು,
ಎಲ್ಲಕ್ಕೂ ಬೇಲಿ, ಎಂದರು ವಕೀಲರು.
ಅವನ ಕಣ್ಣಲ್ಲಿದ್ದದ್ದು ಬೇಲಿಯಲ್ಲ,
ಲಗ್ಗೆರೆಯ ಮೂರನೇ ಕ್ರಾಸಿನ ಸಂಪುಗಳು.

ತಾತ್ಕಾಲಿಕ ಅರ್ಜಿ ಚೆನ್ನೈಗೆ ಹೋಯಿತು,
ಒಂದು ಉದ್ದನೆಯ ನಂಬರು ಬಂತು.
ಆ ನಂಬರನ್ನು ಲಾರಿಯ ಹಿಂದೆ ಬರೆಸುವ ಹಾಗೆ
ಶೆಡ್ಡಿನ ಬಾಗಿಲಿಗೆ ಬರೆಸಿದನಂತೆ.
ಹನ್ನೆರಡು ತಿಂಗಳೊಳಗೆ ಪೂರ್ಣ ವಿವರ ಸಲ್ಲಿಸಬೇಕು,
ಅದಕ್ಕೆ ನಮ್ಮ ಫೀಸು, ಅವನ ಶೆಡ್ಡಿನ ಐದು ತಿಂಗಳ ಬಾಡಿಗೆ.
ಹತ್ತನೇ ತಿಂಗಳು ಫೋನ್ ಮಾಡಿದೆ.
"ಹದಿನಾಲ್ಕು ಮನೆಗೆ ಹಾಕಿದೆ ತಾಯಿ, ಚೆನ್ನಾಗಿ ಓಡ್ತಾವೆ.
ಒಂದೇ ತೊಂದರೆ.
ಟ್ಯಾಂಕರ್‌ನೋರು ನಮ್ಮ ಕ್ರಾಸಿಗೆ ಬರೋದೇ ಬಿಟ್ಟವ್ರೆ."
ನಕ್ಕ. ನಾನೂ ನಕ್ಕೆ.
ಹಿಂದೆ ಲೇತು ಓಡುತ್ತಿತ್ತು, ಬೇರೆ ಯಾರದೋ ಆರ್ಡರಿಗೆ.

ಅರ್ಜಿ ತಾನಾಗಿಯೇ ಸತ್ತಿತು.
ಕೈಬಿಟ್ಟದ್ದೆಂದು ಭಾವಿಸಲಾಗಿದೆ, ಎಂಬುದು ಕಾನೂನಿನ ಮಾತು.
ಯಾರು ಯಾರನ್ನು ಎಂದು ಅಲ್ಲಿ ಬರೆಯುವುದಿಲ್ಲ.

ಮತ್ತೆ ಮಾರ್ಚ್.
ಸಲ್ಲಿಸಿದ್ದಕ್ಕೆ ಕಂಬ ಉಂಟು, ಸತ್ತದ್ದಕ್ಕೆ ಇಲ್ಲ.
ಹೋದ ವರ್ಷದ ಕಂಬದೊಳಗೆ ಅವನೂ ಇದ್ದಾನೆ,
ಕೂದಲೆಳೆಯಷ್ಟು ಎತ್ತರಕ್ಕೆ.
ಅವನ ಮೂರನೇ ಚಿತ್ರ ನನ್ನ ಡ್ರಾಯರಿನಲ್ಲೇ ಇದೆ,
ನೂರೈದು ಇನ್ನೂ ಖಾಲಿ.

ರಾತ್ರಿ ಎಂಟಕ್ಕೆ ಎಲ್ಲರೂ ಇಳಿದುಹೋದ ಮೇಲೆ
ಪ್ರಿಂಟರಿನಿಂದ ಬಿಸಿಯಾಗಿ ಬಂದ ಕಂಬಗಳ ಹಾಳೆಯನ್ನು
ಮೇಜಿನ ಮೇಲಿಟ್ಟು, ಕೆನ್ನೆ ಉಬ್ಬಿಸಿ
ಊದಿ ನೋಡಿದೆ.
ಹಾರಿ ಕಾರ್ಪೆಟ್ಟಿನ ಮೇಲೆ ಬಿತ್ತು.
ಎತ್ತಿಕೊಳ್ಳಲು ಬಗ್ಗಿದಾಗ ಕಂಡಿತು:
ಆ ದಿನದ ನೀರಿನ ಕಲೆ, ಹೋಗಿಲ್ಲ.